ಸಾಲ್ಮನ್‌ಗೆ ಸಣ್ಣ ಟ್ಯೂಬ್ ಫ್ಲೈ: ಯಾವ ಕೊಳವೆ, ಯಾವ ಕೊಕ್ಕೆ, ಹೇಗೆ ಜೋಡಿಸಬೇಕು?

ಜೂನ್ 1ಕ್ಕೆ ಮಂಗಳೂರಿನ ದಕ್ಕೆಯಲ್ಲಿ ಟ್ರಾಲ್ ದೋಣಿಗಳು ಸಾಲಾಗಿ ನಿಂತವೆಂದರೆ ಜುಲೈ 31ರವರೆಗೆ ಕದಲುವುದಿಲ್ಲ. ನಮ್ಮಲ್ಲಿ ಮೀನುಗಾರಿಕೆಗೆ ರಜೆಯಿರುವ ಆ 61 ದಿನಗಳಲ್ಲೇ ನಾರ್ವೆ, ಐಸ್‌ಲ್ಯಾಂಡ್ ಕಡೆ ಸಾಲ್ಮನ್ ಕಡಲು ಬಿಟ್ಟು ನದಿ ಹತ್ತುತ್ತದೆ. ಹಾಗಾಗಿ ನನಗೆ ಪ್ರಶ್ನೆಗಳು ಬರುವುದೂ ಮಳೆಗಾಲದಲ್ಲೇ. ಈ ಸಲ ಮೂವರು ಹೆಚ್ಚುಕಮ್ಮಿ ಒಂದೇ ವಿಷಯ ಕೇಳಿದ್ದಾರೆ: ಸಾಲ್ಮನ್‌ಗೆ ಗಾಳದ ತುದಿಗೆ ಕಟ್ಟುವ ಟ್ಯೂಬ್ ಫ್ಲೈ ಎಂಬ ಹುಸಿ ಇರೆಗೆ ಯಾವ ಕೊಳವೆ, ಯಾವ ಕೊಕ್ಕೆ ಆರಿಸಬೇಕು? ಒಬ್ಬರು ಉಡುಪಿ ಮೂಲದವರು, ಗಂಡನ ಕೆಲಸದ ನಿಮಿತ್ತ ನಾರ್ವೆಯಲ್ಲಿದ್ದಾರೆ, ಇದೇ ಮೊದಲ ಬೇಸಿಗೆ ನದಿಗೆ ಇಳಿಯುವವರು. ಇನ್ನೊಬ್ಬರು ಸುರತ್ಕಲ್‌ನ ಹುಡುಗ. ಮನೆಯಲ್ಲೇ ಫ್ಲೈ ಕಟ್ಟಿ ಕೂಳೂರಿನ ಫಲ್ಗುಣಿ ಹೊಳೆಯಲ್ಲಿ ಅಭ್ಯಾಸ ಮಾಡಿ, ಮುಂದಿನ ವರ್ಷ ಅಕ್ಕನ ಮನೆಗೆ ಸ್ಕಾಟ್ಲೆಂಡಿಗೆ ಹೋದಾಗ ಬಳಸಬೇಕೆಂದಿದ್ದಾನೆ, ಖರ್ಚು ಕಡಿಮೆಯಿರಬೇಕು. ಮೂರನೆಯವರು ಹಡಗಿನಲ್ಲಿ ಇಂಜಿನಿಯರ್ ಆಗಿ ನಿವೃತ್ತರು. ಅವರ ಪೆಟ್ಟಿಗೆ ತುಂಬ ಹಳೆಯ ಮೂರುಮೊನೆಯ ಕೊಕ್ಕೆಗಳಿವೆ, ಅವನ್ನು ಇನ್ನೂ ಬಳಸಬಹುದೇ ಎಂಬುದು ಅವರ ಚಿಂತೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮ ಮಾರ್ಕೆಟ್ಟಿನಲ್ಲಿ 'ಇಂಡಿಯನ್ ಸಾಲ್ಮನ್' ಎಂದು ಮಾರುವ ರಾವಸ ಈ ಸಾಲ್ಮನ್ ಅಲ್ಲ, ಅದರ ಕುಟುಂಬವೇ ಬೇರೆ. ಇಲ್ಲಿ ಹೇಳುತ್ತಿರುವುದು ಅಟ್ಲಾಂಟಿಕ್ ಸಾಲ್ಮನ್ ಬಗ್ಗೆ. ಅದು ಮೊಟ್ಟೆಯಿಡಲು ನದಿಗೆ ಬಂದ ಮೇಲೆ ತಿನ್ನುವುದನ್ನೇ ನಿಲ್ಲಿಸುತ್ತದೆ. ಕಾಣೆ ಮೀನಿಗೆ ಸಿಗಡಿ ಚೂರು ಚುಚ್ಚಿ ಕಾಯುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹಸಿವಿಲ್ಲದ ಮೀನನ್ನು ಕೆಣಕಬೇಕು. ಸರಿಯಾದ ಆಳದಲ್ಲಿ, ಸರಿಯಾದ ವೇಗದಲ್ಲಿ ಅದರ ಮೂಗಿನ ಮುಂದೆ ಏನೋ ಹಾದುಹೋಗಬೇಕು. ಮುಂದೆ ಕೊಳವೆಯ ಭಾರದ ಬಗ್ಗೆ ಇಷ್ಟು ಉದ್ದ ಬರೆಯುವುದಕ್ಕೆ ಇದೇ ಕಾರಣ.

ಟ್ಯೂಬ್ ಫ್ಲೈ ಎಂದರೆ ಟೊಳ್ಳು ಕೊಳವೆಯ ಸುತ್ತ ಗರಿ, ಕೂದಲು, ಹೊಳೆಯುವ ಎಳೆಗಳನ್ನು ಕಟ್ಟಿದ ಹುಸಿ ಇರೆ. ಗಾಳದ ದಾರ ಕೊಳವೆಯ ಒಳಗಿನಿಂದ ಹಾದು ಹಿಂದುಗಡೆ ಕೊಕ್ಕೆಗೆ ಸೇರುತ್ತದೆ. 1940ರ ದಶಕದ ಮಧ್ಯದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಫ್ಲೈ ಕಟ್ಟುತ್ತಿದ್ದ ಮಿನ್ನೀ ಮೊರಾವ್ಸ್ಕಿ ಎಂಬಾಕೆ ಇದನ್ನು ರೂಪಿಸಿದರೆಂದು ಹೇಳುತ್ತಾರೆ. ಆಗ ಕೊಳವೆಯಾಗಿ ಬಳಸಿದ್ದು ಟರ್ಕಿ ಕೋಳಿಯ ಗರಿಯ ದಂಟು. ಸಾಮಾನ್ಯ ಫ್ಲೈಯಲ್ಲಿ ಕೊಕ್ಕೆ ಬಗ್ಗಿದರೆ, ತುಕ್ಕು ಹಿಡಿದರೆ ಅರ್ಧ ಗಂಟೆ ಕೂತು ಕಟ್ಟಿದ ಕೆಲಸವೆಲ್ಲ ಹೋಯಿತು. ಟ್ಯೂಬಿನಲ್ಲಿ ಕೊಕ್ಕೆ ಬಿಚ್ಚಿ ಇನ್ನೊಂದು ಕಟ್ಟಿದರಾಯಿತು. ಈ ಒಂದು ಗುಣವನ್ನು ಪೂರ್ತಿ ಬಳಸಿಕೊಳ್ಳುವ ಹಾಗೆ ಆಯ್ಕೆ ಮಾಡಿ ಎಂಬುದೇ ನಾನು ಎಲ್ಲರಿಗೂ ಹೇಳುವ ಮಾತು.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು ನದಿಯ ನಿಯಮ. ಎಷ್ಟೋ ನದಿಗಳಲ್ಲಿ ಮೂರುಮೊನೆಯ ಕೊಕ್ಕೆಗೆ ತಡೆ ಇದೆ, ಹಲವೆಡೆ ಕೊಕ್ಕೆಯ ಮೊನೆಯ ಬಳಿ ಹಿಂದಕ್ಕೆ ಚಾಚಿದ ಹಿಮ್ಮುಳ್ಳು ಇರಬಾರದು, ಕೆನಡಾದ ಪೂರ್ವದ ಕೆಲವು ಪ್ರಾಂತಗಳಲ್ಲಿ ಫ್ಲೈಗೆ ಭಾರ ಸೇರಿಸುವುದೇ ತಪ್ಪು. ಎರಡನೆಯದು ನೀರು: ಎಷ್ಟು ಆಳ, ಎಷ್ಟು ಸೆಳೆತ, ಎಷ್ಟು ತಂಪು. ನೀರು ಸುಮಾರು 10 ಡಿಗ್ರಿಗಿಂತ ತಂಪಾಗಿದ್ದರೆ ದೊಡ್ಡ ಫ್ಲೈ ಆಳದಲ್ಲಿ, ಅದಕ್ಕಿಂತ ಬೆಚ್ಚಗಾದರೆ ಸಣ್ಣದು ಮೇಲ್ಮೈ ಹತ್ತಿರ ಎಂಬುದು ಹಳಬರ ಲೆಕ್ಕ. ಅದು ಬಹುಮಟ್ಟಿಗೆ ನಿಜವೂ ಹೌದು. ಮೂರನೆಯದು ನಿಮ್ಮ ಗಾಳದ ಕೋಲು. ಒಂದೇ ಕೈಯಲ್ಲಿ ಬೀಸುವ ಹಗುರ ಕೋಲಿಗೆ ಭಾರದ ಟ್ಯೂಬ್ ಕಟ್ಟಿದರೆ ಅದು ಬೀಸುವಾಗ ಬೆನ್ನಿಗೋ ಕಿವಿಗೋ ಬಡಿಯುತ್ತದೆ. ನಾಲ್ಕನೆಯದು ಖರ್ಚು, ಮಂಗಳೂರಿನಲ್ಲಿ ಏನು ಸಿಗುತ್ತದೆ ಎಂಬುದು.

ಐದನೆಯದನ್ನು ಬೇಕೆಂದೇ ಕೊನೆಗೆ ಇಟ್ಟೆ: ಮೀನನ್ನು ಬಿಡುವಾಗ ಅದಕ್ಕೆ ಎಷ್ಟು ಗಾಯವಾಗುತ್ತದೆ? ಸ್ಕಾಟ್ಲೆಂಡಿನಲ್ಲಿ 2016ರಿಂದ ನದಿಗಳಿಗೆ ದರ್ಜೆ ಕೊಡುತ್ತಿದ್ದಾರೆ, ಮೂರನೇ ದರ್ಜೆಯ ನದಿಯಲ್ಲಿ ಸಿಕ್ಕ ಪ್ರತಿ ಸಾಲ್ಮನ್ನನ್ನೂ ಬಿಡಲೇಬೇಕು. ನಾರ್ವೆಯಲ್ಲಿ 2024ರ ಜೂನ್‌ನಲ್ಲಿ ಮೀನು ತೀರಾ ಕಡಿಮೆ ಬಂದದ್ದರಿಂದ ಋತುವಿನ ನಡುವೆಯೇ 33 ನದಿಗಳನ್ನು ಮುಚ್ಚಿದರು. ಇಂಥ ಕಾಲದಲ್ಲಿ ಬದುಕಿ ಮೇಲೆ ಹೋಗಬೇಕಾದ ಮೀನಿನ ಬಾಯಿ ಹರಿಯುವ ಕೊಕ್ಕೆ ನನಗೆ ಬೇಡ. ಈ ವಿಷಯದಲ್ಲಿ ನಾನು ತಟಸ್ಥನಲ್ಲ, ಓದುವಾಗ ಅದು ನಿಮಗೆ ತಿಳಿದಿರಲಿ.

ಕೊಳವೆಗಳು: ಹಗುರದಿಂದ ಭಾರದವರೆಗೆ

ಒಂದೇ ಅಳತೆ ಇಟ್ಟುಕೊಂಡು ನೋಡಿದರೆ ವ್ಯತ್ಯಾಸ ಸ್ಪಷ್ಟ. 20 ಮಿಲಿಮೀಟರ್ ಉದ್ದ, ಹೊರಗೆ 3, ಒಳಗೆ 2 ಮಿಲಿಮೀಟರ್ ಅಗಲದ ಕೊಳವೆ ಎಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ಆದರೆ ಅದರ ತೂಕ ಒಂದು ಗ್ರಾಮಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಅಲ್ಯುಮಿನಿಯಂ ಸುಮಾರು 0.2 ಗ್ರಾಂ. ಹಿತ್ತಾಳೆಯೂ ತಾಮ್ರವೂ ಹೆಚ್ಚುಕಮ್ಮಿ 0.7 ಗ್ರಾಂ. ಟಂಗ್‌ಸ್ಟನ್ ಒಂದೂವರೆ ಗ್ರಾಂ. ಅಂಕಿ ಸಣ್ಣದು ಅನ್ನಿಸಬಹುದು. ಆದರೆ ಸೆಳೆತದ ನೀರಿನಲ್ಲಿ ಫ್ಲೈ ಒಂದಡಿ ಆಳದಲ್ಲಿ ಹೋಗುವುದೋ ನಾಲ್ಕಡಿ ಆಳದಲ್ಲಿ ಹೋಗುವುದೋ ಎಂಬುದನ್ನು ಮುಳುಗುವ ದಾರದ ಜೊತೆ ಸೇರಿ ಈ ಸಣ್ಣ ಅಂಕಿಯೇ ತೀರ್ಮಾನಿಸುತ್ತದೆ.

ಪ್ಲಾಸ್ಟಿಕ್ ಕೊಳವೆ ಬೇಸಿಗೆಯ ಸಣ್ಣ ನೀರಿಗೆ ಹೇಳಿ ಮಾಡಿಸಿದ್ದು. 10ರಿಂದ 20 ಮಿಲಿಮೀಟರ್ ಉದ್ದದ ಸಣ್ಣ ಫ್ಲೈಗಳೆಲ್ಲ ಇದರಲ್ಲೇ ಚೆನ್ನ. ಬೀಸುವುದು ಸುಲಭ, ನೀರಿನಲ್ಲಿ ಜೀವಂತವಾಗಿ ಆಡುತ್ತದೆ, ದಾರವನ್ನು ಕತ್ತರಿಸುವುದಿಲ್ಲ. ತುದಿಯನ್ನು ಲೈಟರಿನ ಉರಿಯ ಹತ್ತಿರ ಒಂದು ಕ್ಷಣ ಹಿಡಿದರೆ ಅಂಚು ಸುರುಳಿಯಾಗಿ ತುಟಿ ಮೂಡುತ್ತದೆ, ಕಟ್ಟಿದ ನೂಲು ಜಾರುವುದಿಲ್ಲ. ಖಾಲಿ ಬಾಲ್‌ಪೆನ್ ರಿಫಿಲ್ಲನ್ನು ಸ್ಪಿರಿಟ್ಟಿನಲ್ಲಿ ತೊಳೆದು ತುಂಡು ಮಾಡಿದರೆ ಅಭ್ಯಾಸಕ್ಕೆ ಸಾಕಷ್ಟಾಯಿತು. ಮೊದಲೆಲ್ಲ ಕಿವಿಗೆ ಹಾಕುವ ಇಯರ್‌ಬಡ್ಡಿನ ಪ್ಲಾಸ್ಟಿಕ್ ಕಡ್ಡಿ ಬಳಸುತ್ತಿದ್ದೆವು. 2022ರ ಜುಲೈನಿಂದ ಅದಕ್ಕೆ ನಿಷೇಧ ಬಂತು, ಈಗಿನ ಕಾಗದದ ಕಡ್ಡಿ ಈ ಕೆಲಸಕ್ಕೆ ಬರುವುದಿಲ್ಲ. ವಿದ್ಯುತ್ ತಂತಿಯ ಹೊರಕವಚವೂ ಅಳತೆಗೆ ಸರಿಹೋಗುತ್ತದೆ, ಆದರೆ ಅದು ಪಿವಿಸಿ. ಅದಕ್ಕೆ ಉರಿ ತೋರಿಸಬೇಡಿ, ಹೊಗೆ ಒಳ್ಳೆಯದಲ್ಲ. ಪ್ಲಾಸ್ಟಿಕ್ಕಿನ ಕೊರತೆ ಒಂದೇ, ಮಳೆ ಬಂದು ಏರಿದ ನೀರಿನಲ್ಲಿ ಅದು ಕೆಳಗೆ ಇಳಿಯುವುದಿಲ್ಲ.

ಅಲ್ಯುಮಿನಿಯಂ ನನ್ನ ಮಟ್ಟಿಗೆ ಎಲ್ಲಿಯೂ ಪೂರ್ತಿ ಹೊಂದದ ಆಯ್ಕೆ. ಪ್ಲಾಸ್ಟಿಕ್ಕಿಗಿಂತ ಸ್ವಲ್ಪ ಆಳಕ್ಕೆ ಹೋಗುತ್ತದೆ ನಿಜ. ಅಷ್ಟು ಆಳ ಬೇಕಾದರೆ ಪ್ಲಾಸ್ಟಿಕ್ ಟ್ಯೂಬಿನ ಮೂತಿಗೆ ಒಂದು ಸಣ್ಣ ಲೋಹದ ಶಂಕು ಸೇರಿಸಿದರೂ ಸಿಗುತ್ತದೆ.

ಹಿತ್ತಾಳೆ, ತಾಮ್ರದ ಕೊಳವೆಗಳ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಾನು ಕಳೆದುಕೊಂಡ ಒಳ್ಳೆಯ ಮೀನು ಹಿತ್ತಾಳೆಯಿಂದಲೇ ಹೋದದ್ದು. ನಾರ್ವೆಯ ಗೌಲಾ ನದಿ, ಎರಡನೆಯ ದಿನ. ನೀರು ಏರಿತ್ತು, ಭಾರದ ಟ್ಯೂಬ್ ಕಟ್ಟಿದ್ದೆ. ಮೀನು ಹಿಡಿಯಿತು, ಎರಡು ಸಲ ಮೇಲೆ ಹಾರಿತು, ಆಮೇಲೆ ದಾರ ಸಡಿಲವಾಯಿತು. ಎಳೆದು ನೋಡಿದರೆ ತುದಿ ಕತ್ತರಿಸಿದಂತಿರಲಿಲ್ಲ. ಉಜ್ಜಿ ಉಜ್ಜಿ ತೆಳುವಾಗಿ ಹರಿದಿತ್ತು. ಲೋಹದ ಕೊಳವೆಯ ಒಳಗೆ ತೆಳು ಪ್ಲಾಸ್ಟಿಕ್ ನಳಿಗೆ ಇರಬೇಕು, ಅದು ಎರಡೂ ಬದಿಯಲ್ಲಿ ಒಂದಿಷ್ಟು ಹೊರಗೆ ಚಾಚಿರಬೇಕು. ನಾನು ಕಟ್ಟಿದ್ದರಲ್ಲಿ ಒಳನಳಿಗೆ ಹಿಂದಕ್ಕೆ ಜಾರಿ ಮುಂದಿನ ಲೋಹದ ಅಂಚು ಬೆತ್ತಲಾಗಿತ್ತು. ಬಾಯಲ್ಲಿ ಕೊಕ್ಕೆ ಹೊತ್ತುಕೊಂಡು ಹೋದ ಆ ಮೀನನ್ನು ನೆನೆದರೆ ಇವತ್ತಿಗೂ ಸಮಾಧಾನವಿಲ್ಲ. ಲೋಹದ ಕೊಳವೆ ಆರಿಸುವವರು ಒಳನಳಿಗೆಯ ಎರಡೂ ತುದಿಗೆ ತುಟಿ ಮಾಡಿ, ಪ್ರತಿ ಬೆಳಿಗ್ಗೆ ಬೆರಳಿನಿಂದ ಮುಟ್ಟಿ ನೋಡಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಲೋಹವೇ ಬೇಡ.

ಟಂಗ್‌ಸ್ಟನ್ ದುಬಾರಿ. ಎರಡು ಕೈಯಲ್ಲಿ ಬೀಸುವ ಉದ್ದ ಕೋಲು ಇದ್ದು, ಋತುವಿನ ಆರಂಭದ ಹಿಮ ಕರಗಿದ ನೀರಿನಲ್ಲಿ ನಿಲ್ಲುವವರಿಗೆ ಮಾತ್ರ.

ಇದಕ್ಕೆ ತದ್ವಿರುದ್ಧದ ಒಂದು ಬಗೆ ಐಸ್‌ಲ್ಯಾಂಡಿನಲ್ಲಿ ಜನಪ್ರಿಯ. ಸಣ್ಣ ಪ್ಲಾಸ್ಟಿಕ್ ಟ್ಯೂಬಿನ ಮೂತಿಯ ಬದಲು ಪಕ್ಕದಲ್ಲಿ ರಂಧ್ರ ಮಾಡಿ ದಾರವನ್ನು ಅಲ್ಲಿಂದ ಒಳಗೆ ತೂರಿಸುತ್ತಾರೆ. ಆಗ ಫ್ಲೈ ಓರೆಯಾಗಿ ನಿಂತು ನೀರಿನ ಮೇಲೆ ವಿ ಆಕಾರದ ಗೆರೆ ಎಳೆಯುತ್ತ ಸಾಗುತ್ತದೆ, ಮೀನು ಮೇಲೆ ಬರುವುದು ಕಣ್ಣಿಗೇ ಕಾಣುತ್ತದೆ. ತಿಳಿ ನೀರು, ಬೆಚ್ಚಗಿನ ದಿನ, ಒಂದು ಕೈಯ ಕೋಲು ಮೂರೂ ಕೂಡಿದರೆ ಇದಕ್ಕಿಂತ ಆನಂದ ಬೇರೆ ಇಲ್ಲ. ರಂಧ್ರ ಮಾಡಲು ಕಾದ ಸೂಜಿ ಸಾಕು.

ಕೊಕ್ಕೆ: ಒಂದು ಮೊನೆಯೋ, ಎರಡೋ, ಮೂರೋ

ಇಂಜಿನಿಯರ್ ಸಾಹೇಬರ ಮೂರುಮೊನೆಯ ಕೊಕ್ಕೆಗಳಿಂದ ಶುರು ಮಾಡೋಣ. ಅವುಗಳ ಪರ ಹೇಳಬೇಕಾದ್ದು ಇದೆ. ಮೀನು ಯಾವ ಬದಿಯಿಂದ ಕಚ್ಚಿದರೂ ಒಂದು ಮೊನೆ ಸಿಗುತ್ತದೆ, ಸುಮ್ಮನೆ ತುಟಿ ತಾಗಿಸಿ ಹೋಗುವ ಮೀನೂ ಸಿಕ್ಕಿಬೀಳುತ್ತದೆ. ಆದರೆ ಮೊನೆಗಳು ಸಣ್ಣವು, ಆಳಕ್ಕೆ ಇಳಿಯುವುದಿಲ್ಲ. ಒಂದು ತುಟಿಯಲ್ಲಿದ್ದರೆ ಇನ್ನೊಂದು ಕಣ್ಣಿನ ಹತ್ತಿರವೋ ಕಿವಿರಿನಲ್ಲೋ. ಬಿಡಿಸುವಷ್ಟರಲ್ಲಿ ಮೀನು ಸೋತಿರುತ್ತದೆ, ಬಲೆಗೂ ಸಿಕ್ಕಿಕೊಳ್ಳುತ್ತದೆ. ಹಲವು ನದಿಗಳಲ್ಲಂತೂ ಪ್ರಶ್ನೆಯೇ ಇಲ್ಲ, ನಿಷಿದ್ಧ. ಸಾಹೇಬರೇ, ಫ್ಲೈಗಳನ್ನು ಎಸೆಯಬೇಡಿ, ಟ್ಯೂಬುಗಳೆಲ್ಲ ಹಾಗೆಯೇ ಇರಲಿ. ಕೊಕ್ಕೆ ಮಾತ್ರ ಬದಲಿಸಿ. ಸುಮಾರು ಎಂಬತ್ತು ವರ್ಷ ಹಿಂದಿನ ಈ ಉಪಾಯ ಇವತ್ತಿನ ನಿಯಮಕ್ಕೂ ಹೊಂದುವುದು ಹೀಗೆ.

ಎರಡು ಮೊನೆಯದು ನಡುದಾರಿ. ಅದರ ತೂಕ ಕೆಳಗೆ ಇರುವುದರಿಂದ ದೋಣಿಯ ಅಡಿಮರದಂತೆ ಫ್ಲೈಯನ್ನು ನೇರ ನಿಲ್ಲಿಸುತ್ತದೆ, ಹಗುರ ಟ್ಯೂಬ್ ಮಗುಚಿಕೊಳ್ಳುವುದಿಲ್ಲ. ಒಂದೇ ಮೊನೆ ಸಾಲದೆಂದು ಭಯಪಡುವವರು ಇದರಿಂದ ಶುರು ಮಾಡಬಹುದು. ಕಡ್ಡಿ ಹೆಚ್ಚು ದಪ್ಪವಿಲ್ಲದ್ದನ್ನು ನೋಡಿ ಕೊಳ್ಳಿ, ದಪ್ಪವಾದರೆ ಚುಚ್ಚಲು ಹೆಚ್ಚು ಬಲ ಬೇಕು.

ನಾನು ಈಗ ಬಳಸುವುದು ಒಂದೇ ಮೊನೆ. ಕಡ್ಡಿ ಗಿಡ್ಡ, ಬಾಗು ಅಗಲ, ದಾರ ಕಟ್ಟುವ ಕಣ್ಣು ನೇರ. ಸಣ್ಣ ಟ್ಯೂಬಿಗೆ 6 ಅಥವಾ 8ನೇ ನಂಬರು; ನಂಬರು ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು ಎಂಬುದು ನೆನಪಿರಲಿ. ಅಗಲ ಬಾಗಿನ ಒಂದು ಮೊನೆ ಬಾಯಿಯ ಮೂಲೆಯಲ್ಲಿ ಆಳಕ್ಕೆ ಕೂರುತ್ತದೆ, ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದರೂ ದಾರ ಬಿಗಿಯಿದ್ದಷ್ಟು ಹೊತ್ತು ಕಳಚುವುದಿಲ್ಲ. ಬಿಡುವಾಗ ಮೀನನ್ನು ನೀರಿನಿಂದ ಎತ್ತದೆಯೇ ಎರಡು ಬೆರಳಲ್ಲಿ ತಿರುಗಿಸಿದರೆ ಮುಗಿಯಿತು. ನಷ್ಟವೂ ಇದೆ: ಲಘುವಾಗಿ ಮುಟ್ಟಿಹೋಗುವ ಕೆಲವು ಮೀನು ತಪ್ಪುತ್ತವೆ. ಕಚ್ಚಿದ ಕೂಡಲೇ ಕೋಲು ಎತ್ತುವ ಅಭ್ಯಾಸವಿದ್ದವರಿಗೆ ಇನ್ನೂ ಹೆಚ್ಚು ತಪ್ಪುತ್ತವೆ. ಸಾಲ್ಮನ್ ತಿರುಗಿ ದಾರ ಎಳೆಯುವವರೆಗೆ ಕೈ ಕಟ್ಟಿ ನಿಲ್ಲಬೇಕು. ಬಂಗುಡೆ ಹಿಡಿದು ಬೆಳೆದ ನಮ್ಮ ಕೈಗೆ ಅದೇ ಕಷ್ಟದ ಪಾಠ.

ಜೋಡಿಸುವ ಬಗೆ

ಕೊಕ್ಕೆಯನ್ನು ಟ್ಯೂಬಿನ ಹಿಂದೆ ಸಡಿಲ ಬಿಡಬಹುದು, ಅಥವಾ ಮೆದು ರಬ್ಬರ್ ತೋಳಿನಲ್ಲಿ ಸಿಕ್ಕಿಸಿ ನೇರ ನಿಲ್ಲಿಸಬಹುದು. ಸಡಿಲ ಬಿಟ್ಟರೆ ಬೇಗ ಕಟ್ಟಬಹುದು, ಮೀನು ಸಿಕ್ಕಿದ ಮೇಲೆ ಟ್ಯೂಬ್ ದಾರದಲ್ಲಿ ಮೇಲಕ್ಕೆ ಜಾರಿ ಹೋಗುತ್ತದೆ. ಹಾಗೆ ಜಾರುವುದರಿಂದ ಕೊಕ್ಕೆಯ ಮೇಲೆ ಸನ್ನೆಗೋಲಿನ ಒತ್ತಡ ಬೀಳುವುದಿಲ್ಲ, ಫ್ಲೈಯೂ ಹಲ್ಲಿಗೆ ಸಿಕ್ಕಿ ಹಾಳಾಗುವುದಿಲ್ಲ. ಆದರೆ ಒಂದು ಮೊನೆಯ ಕೊಕ್ಕೆ ಸಡಿಲವಿದ್ದರೆ ಬೀಸುವಾಗ ಕೆಳಗೆ ಜೋತುಬಿದ್ದು ಕೂದಲಿಗೆ ಸುತ್ತಿಕೊಳ್ಳುತ್ತದೆ. ಅದಕ್ಕೇ ಸಡಿಲ ಜೋಡಣೆ ಮೂರುಮೊನೆಗೆ ಹೊಂದುವಷ್ಟು ಒಂದು ಮೊನೆಗೆ ಹೊಂದುವುದಿಲ್ಲ.

ತೋಳು ಹಾಕಿದರೆ ಎರಡರ ಲಾಭವೂ ಸಿಗುತ್ತದೆ. 8ರಿಂದ 10 ಮಿಲಿಮೀಟರ್ ಉದ್ದದ ಸಿಲಿಕೋನ್ ತುಂಡಿನ ಅರ್ಧ ಟ್ಯೂಬಿನ ಬಾಲದ ಮೇಲೆ, ಉಳಿದರ್ಧದೊಳಗೆ ಗಂಟು ಮತ್ತು ಕೊಕ್ಕೆಯ ಕಣ್ಣು. ಬೀಸುವಾಗ ಕೊಕ್ಕೆ ನೇರ ನಿಲ್ಲುತ್ತದೆ, ಮೀನು ಎಳೆದಾಗ ತೋಳಿನಿಂದ ಕಳಚಿ ಟ್ಯೂಬ್ ಜಾರುತ್ತದೆ. ಅಕ್ವೇರಿಯಂ ಅಂಗಡಿಯ ಗಾಳಿಕೊಳವೆ ಕೇಳಬೇಡಿ, ಅದರ ಒಳಗಲ 4 ಮಿಲಿಮೀಟರ್, 3 ಮಿಲಿಮೀಟರ್ ಟ್ಯೂಬಿಗೆ ದೊಗಳೆ. ಸೈಕಲ್ ಅಂಗಡಿಯ ವಾಲ್ವ್ ಟ್ಯೂಬ್ ಹಿಗ್ಗುತ್ತದೆ, ಬಿಗಿಯಾಗಿ ಕೂರುತ್ತದೆ, ಕೆಲವೇ ರೂಪಾಯಿ. ಬಿಸಿಲು, ಉಪ್ಪುನೀರಿಗೆ ಬೇಗ ಬಿರಿಯುತ್ತದೆ, ಆಗಾಗ ಬದಲಿಸಿದರಾಯಿತು.

ಅಳತೆಯಲ್ಲಿ ಎಡವುವವರೇ ಹೆಚ್ಚು. 15 ಮಿಲಿಮೀಟರ್ ಟ್ಯೂಬ್, ಅದರಾಚೆ ಚಾಚಿದ ತೋಳು, ಅದರಾಚೆ ಕೊಕ್ಕೆ ಎಲ್ಲ ಸೇರಿ ಸುಮಾರು 30 ಮಿಲಿಮೀಟರ್ ಆಗುತ್ತದೆ. ಕೂದಲಿನ ರೆಕ್ಕೆ ಕೊಕ್ಕೆಯ ಬಾಗನ್ನು ಸ್ವಲ್ಪ ದಾಟಿ 40ರ ಹತ್ತಿರ ಮುಗಿಯಲಿ. ಇದಕ್ಕಿಂತ ಉದ್ದವಾದರೆ ಮೀನು ಬರೀ ಕೂದಲು ಎಳೆದು ಹೋಗುತ್ತದೆ. ಕೊಕ್ಕೆಯೇ ರೆಕ್ಕೆಯಿಂದ ಹಿಂದೆ ದೂರ ನಿಂತರೆ ಗಂಟಲಿನ ಆಳಕ್ಕೆ ಇಳಿಯುವ ಅಪಾಯ.

ಮಂಗಳೂರಿನಲ್ಲಿ ಕಟ್ಟುವ ಸಾಮಾನು

ಟ್ಯೂಬ್ ಹಿಡಿಯಲು ವಿಶೇಷ ವೈಸ್ ಕೊಳ್ಳುವ ಮೊದಲು ಒಂದು ದಬ್ಬಳ ತನ್ನಿ. ಅದನ್ನು ಸಣ್ಣ ಕೈವೈಸಿಗೆ ಬಿಗಿದು ಕೊಳವೆ ಏರಿಸಿದರೆ ದಬ್ಬಳದ ಇಳಿಜಾರಿಗೆ ಕೊಳವೆ ತಾನೇ ಕಚ್ಚಿಕೊಳ್ಳುತ್ತದೆ. ಮೈಗೆ ಸುತ್ತಲು ಸೀರೆಯ ಚಪ್ಪಟೆ ಜರಿ ಬಹಳ ಚೆನ್ನ. ಉದ್ದ ರೆಕ್ಕೆಗೆ ಆಡಿನ ಕೂದಲು, ಕೊರಳಿಗೆ ಕೋಳಿ ಅಂಗಡಿಯಲ್ಲಿ ಕೇಳಿದರೆ ಸಿಗುವ ಹುಂಜದ ಗರಿ. ಎರಡನ್ನೂ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ನಮ್ಮ ಮಳೆಗಾಲದಲ್ಲಿ ಒಣಗಿತೆಂದುಕೊಂಡದ್ದು ಒಣಗಿರುವುದಿಲ್ಲ, ಡಬ್ಬಿ ತೆರೆದಾಗ ಬೂಸ್ಟು. ದರ್ಜಿ ನೂಲು ಮಾತ್ರ ದಪ್ಪವಾಯಿತು. ತೆಳು ಫ್ಲೈ ನೂಲಿಗೆ ಹಣ ಹಾಕಿ. ಅದಕ್ಕಿಂತ ಮೊದಲು ಕೊಕ್ಕೆಗೆ ಹಾಕಿ.

ಒಂದು ಗರಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹಳೆಯ ಸಾಲ್ಮನ್ ಫ್ಲೈಗಳ ಕೆನ್ನೆಯಲ್ಲಿ ಕಣ್ಣಿನಂತೆ ಹೊಳೆಯುವ ಮೇಣದಂಥ ಚುಕ್ಕೆ ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿ. ಚಾರ್ಮಾಡಿ, ಆಗುಂಬೆಯ ದಾರಿಯಲ್ಲಿ ಬೆಳಗಿನ ಹೊತ್ತು ಕೂಗುವ ಅದೇ ಹಕ್ಕಿ. ಅದರ ಗರಿಗಳು ಒಂದು ಕಾಲದಲ್ಲಿ ಇಲ್ಲಿಂದ ಬ್ರಿಟನ್ನಿಗೆ ಹೋಗುತ್ತಿದ್ದವು. 1972ರ ವನ್ಯಜೀವಿ ಕಾಯ್ದೆಯಡಿ ಹಕ್ಕಿಗೆ ರಕ್ಷಣೆ ಇದೆ, ಈಗ ಅಲ್ಲಿಯವರು ಅಲ್ಲೇ ಸಾಕಿದ ಹಕ್ಕಿಗಳ ಗರಿ ಬಳಸುತ್ತಾರೆ. ಯಾರಾದರೂ 'ಊರಿನ ಕಾಡುಕೋಳಿ ಗರಿ ಇದೆ, ಬೇಕಾ' ಎಂದರೆ ದಯವಿಟ್ಟು ಬೇಡ ಎನ್ನಿ. ಬಿಳಿ ಗರಿಯ ತುದಿಗೆ ಹಳದಿ ಉಗುರುಬಣ್ಣದ ಒಂದು ಬೊಟ್ಟು ಇಟ್ಟರೆ ಮೀನಿಗೆ ಅಷ್ಟೇ ಸಾಕು. ನವಿಲುಗರಿಯೂ ಅಷ್ಟೆ. ತಾನಾಗಿ ಉದುರಿದ್ದನ್ನು ಮನೆಯಲ್ಲಿಡಬಹುದು, ದೇಶದ ಹೊರಗೆ ಒಯ್ಯುವಂತಿಲ್ಲ. ವಿಮಾನ ಹತ್ತುವ ಪೆಟ್ಟಿಗೆಯ ಫ್ಲೈಗಳಲ್ಲಿ ಅದರ ಒಂದು ಎಳೆಯೂ ಇರಬಾರದು.

ಯಾರಿಗೆ ಯಾವುದು

ನಾರ್ವೆಯ ಅಕ್ಕನಿಗೆ: ಮೊದಲ ಬೇಸಿಗೆಗೆ ಕಟ್ಟುವ ಉಸಾಬರಿ ಬೇಡ, ಹತ್ತು ಫ್ಲೈ ಕೊಂಡರೆ ಸಾಕು. ಎಂಟು ಸಣ್ಣ ಪ್ಲಾಸ್ಟಿಕ್ ಟ್ಯೂಬ್, ಕಪ್ಪು ಮತ್ತು ಕೆಂಪು-ಕಿತ್ತಳೆ ಅರ್ಧರ್ಧ. ಎರಡು ಹಿತ್ತಾಳೆಯವು ಮಳೆ ಬಂದ ಮರುದಿನಕ್ಕೆ. ಒಂದು ಮೊನೆಯ ಕೊಕ್ಕೆ, ಸಿಲಿಕೋನ್ ತೋಳು. ಸರ್ಕಾರದ ಶುಲ್ಕ ಬೇರೆ, ಆಯಾ ನದಿಯ ಪರವಾನಗಿ ಬೇರೆ, ಎರಡೂ ಬೇಕು. ಗೈರೊಡ್ಯಾಕ್ಟೈಲಸ್ ಸಲಾರಿಸ್ ಎಂಬ ಪರಾವಲಂಬಿ ಅಲ್ಲಿ ಹಲವು ನದಿಗಳ ಸಾಲ್ಮನ್ ಮರಿಗಳನ್ನು ನಾಶ ಮಾಡಿದೆ. ಹಾಗಾಗಿ ಒಂದು ನದಿಯಿಂದ ಇನ್ನೊಂದಕ್ಕೆ ಹೋಗುವಾಗ ಕೋಲು, ಬೂಟು, ಬಲೆ ಎಲ್ಲವನ್ನೂ ಸೋಂಕುನಿವಾರಣೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ.

ಸಾಹೇಬರಿಗೆ ಉತ್ತರ ಆಗಲೇ ಬಂದಿದೆ. ನಿಮ್ಮ ಉದ್ದ ಕೋಲಿಗೆ ಹಿತ್ತಾಳೆ, ಟಂಗ್‌ಸ್ಟನ್ ಎರಡೂ ಸಲ್ಲುತ್ತವೆ, ಒಳನಳಿಗೆ ಮಾತ್ರ ನೋಡಿಕೊಳ್ಳಿ. ಮೊದಲ ವಾರಕ್ಕೆ ಎರಡು ಮೊನೆಯ ಕೊಕ್ಕೆಯಿಂದ ಶುರು ಮಾಡಿದರೆ ಕೈಗೆ ಬದಲಾವಣೆ ಅಷ್ಟು ಹೊಸತೆನಿಸುವುದಿಲ್ಲ.

ಸುರತ್ಕಲ್‌ನ ತಮ್ಮನಿಗೆ: ರಿಫಿಲ್, ದಬ್ಬಳ, ಜರಿ, ವಾಲ್ವ್ ಟ್ಯೂಬ್. ಹಣವೆಲ್ಲ ಕೊಕ್ಕೆಗೆ, ನೂಲಿಗೆ. ಕೂಳೂರಿನಲ್ಲಿ ಕೆಂಬೇರಿಯಂಥ ಬಲವಾದ ಮೀನು ಕಚ್ಚಿದರೆ ಸಾಲ್ಮನ್ನಿನ ತೆಳು ಕೊಕ್ಕೆಯನ್ನು ನೇರ ಮಾಡಿಬಿಡುತ್ತದೆ, ಅಲ್ಲಿಗೆ ದಪ್ಪ ಕಡ್ಡಿಯ ದೊಡ್ಡದು ಹಾಕು. ಕಾಣೆಗೆ ಬಾಯಿ ಚಿಕ್ಕದು, 8ನೇ ನಂಬರು ಸರಿ. ಉಪ್ಪುನೀರಿನಿಂದ ಬಂದ ಸಂಜೆಯೇ ಕೊಕ್ಕೆ ಬಿಚ್ಚಿ ಸಿಹಿನೀರಲ್ಲಿ ತೊಳೆದು ಒರೆಸಿಡು. ಫಲ್ಗುಣಿಯಲ್ಲಿ ಇಳಿತ ಜೋರಾಗಿರುವ ಹೊತ್ತು ನೋಡಿ ಹೋದರೆ ಸೆಳೆತ ಸಾಲ್ಮನ್ ನದಿಯ ಹಾಗೇ ಇರುತ್ತದೆ. ಓರೆಯಾಗಿ ಕೆಳಗೆ ಬೀಸಿ, ದಾರ ಬಿಗಿ ಹಿಡಿದು, ಫ್ಲೈ ಅಡ್ಡಲಾಗಿ ಬರುವುದನ್ನು ಕಾಲ ಹತ್ತಿರದ ತಿಳಿ ನೀರಿನಲ್ಲಿ ನೋಡು. ಗಿರಗಿರ ತಿರುಗಿದರೆ ರೆಕ್ಕೆಯ ಕೂದಲು ಹೆಚ್ಚಾಗಿದೆ, ಅರ್ಧ ಕಿತ್ತು ತೆಗೆ. ಮಗುಚಿ ಬೆನ್ನಡಿಯಾಗಿ ಈಜಿದರೆ ತೋಳಿನಲ್ಲಿ ಕೊಕ್ಕೆಯನ್ನು ತಿರುಗಿಸಿ ಮೊನೆ ಕೆಳಗೆ ಬರುವಂತೆ ಮಾಡಿ ಮತ್ತೆ ಬೀಸು.